ಕೋಟೆಯೊಡನೆ ಕೊತ್ತಲ

‘ಕೋಟೆ ಕೊತ್ತಲ’ ಎಂಬ ಜೋಡುಮಾತನ್ನು ಕೇಳದ ಕನ್ನಡಿಗನಿಲ್ಲ. ಸಭೆಯಲ್ಲಿ ಭಾಷಣಕಾರರು ನಾಡಿನ ಹಿರಿಮೆಯನ್ನು ಹೊಗಳತೊಡಗಿದರೆ ಅದು ತಾನಾಗಿ ನಾಲಗೆಗೆ ಬರುವುದು. ಪಾಠದ ಪುಸ್ತಕದಲ್ಲಿ ಪಾಳೆಯಗಾರರ ಪ್ರಸ್ತಾಪ ಬಂದೊಡನೆ ಅದೂ ಬರುವುದು. ಕೋಟೆಯೆಂದರೇನೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ಹುಡುಗನೊಬ್ಬನು ಎದ್ದು ನಿಂತು, “ಕೊತ್ತಲವೆಂದರೇನು?” ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ತಡವರಿಸದೆ ಉತ್ತರ ಕೊಡಬಲ್ಲೆವು? ಅದು ಕೋಟೆಯ ಗೋಡೆಯೆಂದು ಕೆಲವರು, ಕಂದಕವೆಂದು ಕೆಲವರು, ಅದಕ್ಕೆ ಅರ್ಥವೇ ಇಲ್ಲ, ‘ಕೋಟೆ’ಯ ಬಾಲವಾಗಿ ಬಂದ ಬರಿಯ ಪ್ರಾಸವೆಂದು ಹಲವರು.

ಈ ಕಡೆಯ ಮಾತನ್ನು ಮೊದಲು ವಿಚಾರಿಸೋಣ. ಕನ್ನಡದಲ್ಲಿ ಅರ್ಥವಿಲ್ಲದೆ ಬಾಲವಾಗಿ ಬರುವ ಮಾತಿಗೆ ಒಂದು ಗೊತ್ತಾದ ಕಟ್ಟಳೆಯುಂಟು. ಮನೆಗೆ ‘ಗಿನೆ’, ಹಣಕ್ಕೆ ‘ಗಿಣ’, ಊಟಕ್ಕೆ ‘ಗೀಟ’. ಆ ಲೆಕ್ಕದಲ್ಲಿ ಕೋಟೆಗೆ ‘ಗೀಟೆ’ ಬರಬೇಕೇ ಹೊರತು ಕೊತ್ತಲ ಬರಲಾರದು. ಗಿಡಮರ, ಹೊಲಮನೆ, ಬೆಟ್ಟಗುಡ್ಡ ಮುಂತಾದ ಜೋಡಿಗಳಲ್ಲಿ ಎರಡು ಮಾತುಗಳಿಗೂ ತಮ್ಮ ತಮ್ಮ ಅರ್ಥವಿರುವಂತೆ ಇಲ್ಲಿಯೂ ಎರಡಕ್ಕೂ ಅರ್ಥವಿದೆ. ಒಂದರ ಅರ್ಥ ನಮ್ಮ ನೆನಪಿನಲ್ಲಿ ಉಳಿದಿದೆ, ಇನ್ನೊಂದರದು ಜಾರಿಹೋಗಿದೆ, ಅಷ್ಟೇ ವ್ಯತ್ಯಾಸ.

ಶಬ್ದದ ಅರ್ಥಕ್ಕಾಗಿ ಒಂದು ಸಂಪಾದಕೀಯವನ್ನು ಮೀಸಲಿಡುವುದು ಸರಿಯೇ ಎಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ನಾವೂ ಒಂದು ಕಾಲದಲ್ಲಿ ಹಾಗೆಯೇ ಎಣಿಸುತ್ತಿದ್ದೆವು. ಆ ಎಣಿಕೆಯನ್ನು ತಿದ್ದಿದುದು ನಮ್ಮ ವಕೀಲಿಯ ಒಂದು ಮೊಕದ್ದಮೆ. ಹಳೆಯ ಕೋಟೆಯ ಹೊರಮಗ್ಗುಲಿನಲ್ಲಿ ಮನೆಗಳೆದ್ದ ಒಂದು ಊರು. ಕಂದಕವು ಎಂದೋ ಮುಚ್ಚಿಹೋಗಿತ್ತು. ಕೋಟೆಯ ಗೋಡೆಗೆ ಒತ್ತಿಕೊಂಡು, ಒಂದು ಮೂಲೆಯಲ್ಲಿ, ಹೂ ಮಾರುವ ಒಂದು ಸಂಸಾರವು ಎರಡು ತಲೆಮಾರಿನಿಂದ ಗುಡಿಸಲು ಹಾಕಿಕೊಂಡಿತ್ತು. ಅದರ ಮುಂದಿನ ನಿವೇಶನದ ಒಡೆಯನು ತನ್ನ ಹಳೆಯ ಕ್ರಯಪತ್ರವನ್ನು ಹಾಜರುಪಡಿಸಿ, ಪಶ್ಚಿಮದ ಚೆಕ್ಕುಬಂದಿಯು ಕೋಟೆಯ ಗೋಡೆಯೇ ಆಗಿರುವುದರಿಂದ ಗುಡಿಸಲಿನ ನೆಲವೂ ತನ್ನದೆಂದು ವಾದಿಸಿದನು. ಪತ್ರದಲ್ಲಿದ್ದ ಮಾತು ‘ಗೋಡೆ’ಯಲ್ಲ, ‘ಪಶ್ಚಿಮಕ್ಕೆ ಕೊತ್ತಲ’ ಎಂದಿತ್ತು. ತರ್ಜುಮೆ ಮಾಡಿದವರು ಅದನ್ನು ಇಂಗ್ಲಿಷಿನಲ್ಲಿ ಕೋಟೆಯ ಗೋಡೆಯೆಂದೇ ಬರೆದಿದ್ದರು. ವಾದಿಯ ಕಡೆಯ ವಕೀಲರಿಗೆ ಅದು ಅನುಕೂಲವಾಗಿತ್ತು. ಪ್ರತಿವಾದಿಗಳ ಕಡೆ ನಿಂತ ನಮಗೆ ಅದು ತಪ್ಪೆಂಬುದೇ ಹೊಳೆದಿರಲಿಲ್ಲ. ಕಾಲೇಜಿನ ಓದು, ಕಾನೂನಿನ ಓದು ಎರಡನ್ನೂ ಮುಗಿಸಿದವರಿಗೆ ತಮ್ಮ ಕಕ್ಷಿಗಾರರ ನೆಲದ ಮೇಲಿದ್ದ ಮಾತಿನ ಅರ್ಥವು ತಿಳಿದಿರಲಿಲ್ಲವೆಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಿದ್ದರೂ, ಸತ್ಯವು ಅದೇ.

ಸಾಕ್ಷಿಯಾಗಿ ಬಂದ ಕಲ್ಲುಕೆಲಸದ ಮುದುಕನೊಬ್ಬನು ನಮ್ಮ ಕಣ್ಣು ತೆರೆಸಿದನು. “ಗೋಡೆ ಗೋಡೇನೇ ಸ್ವಾಮಿ, ಕೊತ್ತಲ ಕೊತ್ತಲಾನೇ. ಗೋಡೆ ನೆಟ್ಟಗೆ ಹೋಗ್ತದೆ, ಕೊತ್ತಲ ಹೊಟ್ಟೆ ಮುಂದಕ್ಕೆ ಹಾಕ್ಕೊಂಡು ನಿಂತದೆ” ಎಂದನು. ನ್ಯಾಯಾಧೀಶರು ತಾವೇ ಸ್ಥಳಕ್ಕೆ ಬಂದು ನೋಡಿದರು. ಗೋಡೆಯಿಂದ ಹತ್ತು ಹನ್ನೆರಡು ಅಡಿ ಮುಂದಕ್ಕೆ ಚಾಚಿ ನಿಂತಿದ್ದ ಗುಂಡನೆಯ ಕಟ್ಟಡವೇ ಕೊತ್ತಲ. ನಿವೇಶನವು ಅದರ ಮೊಗಕ್ಕೆ ಮುಟ್ಟಿ ನಿಂತಿತ್ತು. ಕೊತ್ತಲದ ಮಗ್ಗುಲಿಗೆ, ಗೋಡೆಗೆ ಒತ್ತಿದ್ದ ಮೂಲೆಯು ಆ ಚೆಕ್ಕುಬಂದಿಯೊಳಗೆ ಸೇರಿರಲಿಲ್ಲ. ಗುಡಿಸಲು ಉಳಿಯಿತು. ಒಂದು ಮಾತಿನ ಅರ್ಥವನ್ನು ಒಬ್ಬ ಮುದುಕನು ಮರೆಯದೆ ಇದ್ದುದರಿಂದ ಒಂದು ಸಂಸಾರವು ಬೀದಿಗೆ ಬೀಳುವುದು ತಪ್ಪಿತು. ಅಂದಿನಿಂದ ಶಬ್ದಾರ್ಥದ ವಿಚಾರವನ್ನು ನಾವು ಹಗುರವಾಗಿ ಎಣಿಸಿಲ್ಲ.

ಮುದುಕನು ಹೇಳಿದುದನ್ನು ಪುಸ್ತಕಗಳೂ ಹೇಳುತ್ತವೆ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್‌ ಸಾಹೇಬರ ನಿಘಂಟಿನಲ್ಲಿ ಈ ಮಾತಿಗೆ ಇದೇ ಅರ್ಥವಿದೆ. ‘ಕೊತ್ತಲ’ವೆಂದೂ ‘ಕೊತ್ತಳ’ವೆಂದೂ ಬರೆಯುವುದುಂಟು; ಎರಡೂ ಸಾಧುವೇ. ತಮಿಳಿನ ‘ಕೊತ್ತಳಂ’ ಇದರ ಒಡಹುಟ್ಟು. ತೆಲುಗಿನಲ್ಲಿಯೂ ಇದೇ ಬಳಗದ ಮಾತುಂಟು. ಕೊತ್ತವಾಲನಿಗೂ ಕೊತ್ತಲಕ್ಕೂ ಸಂಬಂಧ ಕಲ್ಪಿಸುವವರನ್ನು ನಾವು ಕಂಡಿದ್ದೇವೆ, ಅದು ನಿರಾಧಾರವಾದುದು. ಕೊತ್ತವಾಲನು ಸಂಸ್ಕೃತದ ‘ಕೋಟ್ಟಪಾಲ’ನಿಂದ ಹುಟ್ಟಿ ಉತ್ತರದ ಭಾಷೆಗಳಲ್ಲಿ ಸುತ್ತಿ ಬಂದವನು, ಕೊತ್ತಲವಾದರೋ ನಮ್ಮ ನುಡಿಗಳ ನೆಲದ ಮಾತು.

ಕೊತ್ತಲದ ಕೆಲಸವೇನೆಂಬುದನ್ನು ಅರಿತರೆ ಅದಕ್ಕೆ ಬೇರೆ ಹೆಸರು ಏಕೆ ಬೇಕಾಯಿತೆಂಬುದು ತಿಳಿಯುವುದು. ನೆಟ್ಟಗೆ ಕಟ್ಟಿದ ಗೋಡೆಯ ಮೇಲೆ ನಿಂತ ಕಾವಲಿನವನಿಗೆ ದೂರದ ಬಯಲು ಕಾಣುವುದು. ಆದರೆ ಗೋಡೆಯ ಬುಡವು ಕಾಣದು. ಅದನ್ನು ಕಾಣಬೇಕಾದರೆ ತೆನೆಯ ಮರೆಯನ್ನು ಬಿಟ್ಟು ಹೊರಕ್ಕೆ ಬಾಗಬೇಕು. ಬಾಗಿದರೆ ಶತ್ರುವಿನ ಬಾಣಕ್ಕೋ ಗುಂಡಿಗೋ ತಲೆಯೊಡ್ಡಿದಂತೆ. ಆದುದರಿಂದ ಶತ್ರುವು ಹೇಗಾದರೂ ಬುಡವನ್ನು ಸೇರಿಬಿಟ್ಟರೆ, ಅಲ್ಲಿ ಏಣಿಯನ್ನಿಡಬಹುದು, ಕಲ್ಲು ಕೀಳಬಹುದು, ಮದ್ದು ಹೂಳಬಹುದು. ಕೋಟೆಗೆ ಅತ್ಯಂತ ಅಪಾಯವಾದ ಸ್ಥಳವು ಬಯಲಲ್ಲ. ಅದರ ಸ್ವಂತ ಕಾಲಬುಡ. ಇದಕ್ಕೆ ಹಿಂದಿನವರು ಕಂಡ ಉಪಾಯವೇ ಕೊತ್ತಲ. ಗೋಡೆಯನ್ನು ಅಲ್ಲಲ್ಲಿ ಮುಂದಕ್ಕೆ ಚಾಚಿ ಕಟ್ಟಿದರೆ, ಆ ಚಾಚಿನ ಮೇಲೆ ನಿಂತವನು ಬಲಕ್ಕೂ ಎಡಕ್ಕೂ ತಿರುಗಿ ಗೋಡೆಯ ಮೊಗದ ಉದ್ದಕ್ಕೂ ನೋಡಬಲ್ಲನು, ಹೊಡೆಯಬಲ್ಲನು.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಕೊತ್ತಲದ ಮೇಲಿದ್ದವನಿಗೂ ತನ್ನ ಕೊತ್ತಲದ ಬುಡವು ಕಾಣುವುದಿಲ್ಲ. ಅದನ್ನು ಕಾಣುವವನು ನೆರೆಯ ಕೊತ್ತಲದಲ್ಲಿರುವವನು. ಇವನು ಅವನ ಕಾಲನ್ನು ಕಾಯಬೇಕು, ಅವನು ಇವನ ಕಾಲನ್ನು ಕಾಯಬೇಕು. ಒಂಟಿ ಕೊತ್ತಲಕ್ಕೆ ಬೆಲೆಯಿಲ್ಲ. ಎರಡು ಕೊತ್ತಲಗಳ ನಡುವಣ ದೂರವನ್ನು ಆಯುಧವು ಮುಟ್ಟುವಷ್ಟಕ್ಕೆ ಇಡಬೇಕಾದುದೂ ಇದರಿಂದಲೇ. ಗೋಡೆ ಎಷ್ಟು ದಪ್ಪವೆಂಬುದು ಕೋಟೆಯ ಬಲದ ಒಂದು ಪಾಲು ಮಾತ್ರ. ಕೊತ್ತಲಗಳು ಒಂದನ್ನೊಂದು ಎಷ್ಟು ಚೆನ್ನಾಗಿ ನೋಡಬಲ್ಲವೆಂಬುದು ಇನ್ನೊಂದು ಪಾಲು.

ತೋಪುಗಳು ಬಂದ ಮೇಲೆ ಕೊತ್ತಲಕ್ಕೆ ಎರಡನೆಯ ಕೆಲಸವೊಂದು ಸೇರಿತು: ತೋಪನ್ನು ಹೊತ್ತು ನಿಲ್ಲುವುದು. ಅದರಿಂದ ಕೊತ್ತಲಗಳು ಅಗಲವಾದವು, ಗಟ್ಟಿಯಾದವು. ವಿಜಯಪುರದ ಊರಕೋಟೆಯಲ್ಲಿ ೯೬ ಕೊತ್ತಲಗಳಿರುವುವು. ಅವುಗಳಲ್ಲಿ ಷೇರ್ಜಾ ಬುರುಜಿನ ಮೇಲೆ ೧೫೪೯ರಲ್ಲಿ ಅಹಮದನಗರದಲ್ಲಿ ಎರಕಹೊಯ್ದ ‘ಮಲಿಕ್‌-ಎ-ಮೈದಾನ್‌’ ತೋಪು ಇಂದಿಗೂ ಇದೆ. ಆದರೆ ಗುಂಡನೆಯ ಕೊತ್ತಲಕ್ಕೆ ಒಂದು ಕೊರತೆಯಿತ್ತು. ಅದರ ಮೂತಿಯ ಮುಂದೆ, ಎರಡು ನೆರೆಗಳ ಕಣ್ಣಿಗೂ ಬೀಳದ ಒಂದು ಚೂರು ನೆಲವು ಉಳಿಯುತ್ತಿತ್ತು. ಹದಿನಾರನೆಯ ಶತಮಾನದಲ್ಲಿ ಇಟಲಿಯ ಶಿಲ್ಪಿಗಳು ಕೊತ್ತಲವನ್ನು ಗುಂಡಗೆ ಕಟ್ಟುವುದನ್ನು ಬಿಟ್ಟು ಬಾಣದ ಮೊನೆಯಂತೆ ಮೂಲೆಯಾಗಿ ಕಟ್ಟಿ ಆ ಕೊರತೆಯನ್ನು ನೀಗಿದರು. ಫ್ರಾನ್ಸಿನ ವೋಬಾನನು ಆ ಪದ್ಧತಿಯನ್ನು ಪರಿಷ್ಕರಿಸಿ ಹೆಸರಾದನು. ಅದರ ಛಾಯೆಯನ್ನು ನೋಡಬೇಕಾದರೆ ನಾವು ಯೂರೋಪಿಗೆ ಹೋಗಬೇಕಾಗಿಲ್ಲ. ಸಕಲೇಶಪುರದ ಬಳಿ, ಟಿಪ್ಪು ಸುಲ್ತಾನನು ಕಟ್ಟಿಸಿ ೧೭೯೨ರಲ್ಲಿ ಮುಗಿಸಿದ ಮಂಜರಾಬಾದಿನ ಕೋಟೆಯು ಎಂಟು ಮೊನೆಗಳ ನಕ್ಷತ್ರದಂತಿದೆ. ಅಲ್ಲಿ ಇಡೀ ಕೋಟೆಯೇ ಕೊತ್ತಲವಾಗಿದೆಯೆಂದರೂ ತಪ್ಪಲ್ಲ.

ಕೊತ್ತಲವೊಂದೇ ಕೋಟೆಯನ್ನು ಉಳಿಸದು ಎಂಬುದಕ್ಕೂ ನಮ್ಮ ಚರಿತ್ರೆಯೇ ಸಾಕ್ಷಿ. ಹೈದರಾಲಿಯು ೧೭೬೧ರಲ್ಲಿ ಕಲ್ಲಿನಿಂದ ಬಲಪಡಿಸಿದ ಬೆಂಗಳೂರಿನ ಕೋಟೆಯನ್ನು ೧೭೯೧ರ ಮಾರ್ಚ್‌ ೨೧ರ ರಾತ್ರಿ ಕಾರ್ನ್‌ವಾಲಿಸನ ದಂಡು ಗೋಡೆಯೊಡೆದು ಹೊಕ್ಕಿತು. ಕಿಲ್ಲೇದಾರ ಬಹದೂರ್‌ ಖಾನನು ಹೋರಾಡುತ್ತ ಅಲ್ಲಿಯೇ ಬಿದ್ದನು. ೧೭೯೯ರ ಮೇ ೪ರ ನಡುಹಗಲಿನಲ್ಲಿ ಶ್ರೀರಂಗಪಟ್ಟಣವು ಬಿದ್ದುದು ಪಶ್ಚಿಮದ ಗೋಡೆಯಲ್ಲಿ, ವಾಯವ್ಯದ ಕೊತ್ತಲಕ್ಕೆ ಸಮೀಪದಲ್ಲಿ ತೋಪುಗಳು ಮಾಡಿದ ಬಿರುಕಿನಿಂದ. ಒಳನುಗ್ಗಿದ ದಂಡು ಎರಡಾಗಿ ಒಡೆದು, ಗೋಡೆಯ ಮೇಲೆಯೇ ಎಡಕ್ಕೂ ಬಲಕ್ಕೂ ಹರಿಯಿತು. ಈ ಎರಡು ದಿನಗಳ ಕಥೆಯನ್ನು ಹುಡುಗರಿಗೆ ಹೇಳುವಾಗ ಗೋಡೆ ಯಾವುದು, ಕೊತ್ತಲ ಯಾವುದು ಎಂಬುದನ್ನು ತಿಳಿಸದೆ ಹೋದರೆ ಕಥೆಯು ಬರಿಯ ಗದ್ದಲವಾಗಿಬಿಡುವುದು.

ಇನ್ನು ಹೆಸರುಗಳ ವಿಚಾರ. ಈ ಒಂದು ವಸ್ತುವಿಗೆ ಕನ್ನಡ ನಾಡಿನ ಬೇರೆ ಬೇರೆ ಕಡೆಗಳಲ್ಲಿ ಬೇರೆ ಬೇರೆ ಹೆಸರುಗಳಿವೆ. ವಿಜಯಪುರ, ಕಲಬುರಗಿ, ಬೀದರಗಳಲ್ಲಿ ‘ಬುರುಜು’ ಎನ್ನುವರು. ಅದು ಅರಬ್ಬಿಯ ಮಾತು. ಸುಲ್ತಾನರ ಕಾಲದಲ್ಲಿ ಬಂದು ನಮ್ಮದೇ ಆಗಿಹೋಗಿದೆ. ಧಾರವಾಡ, ಗದಗ, ಕೊಪ್ಪಳಗಳ ಸೀಮೆಯಲ್ಲಿ ‘ಹುಡೆ’ಯೆಂದೂ ‘ಹುಡೇವು’ ಎಂದೂ ಹೇಳುವರು. ಹಳ್ಳಿಗಳಲ್ಲಿ ಕಾವಲಿಗಾಗಿ ಕಟ್ಟಿದ ಗುಂಡನೆಯ ಒಂಟಿ ಗೋಪುರಕ್ಕೂ ಅದೇ ಹೆಸರು. ಚಿತ್ರದುರ್ಗದವರು ‘ಬತೇರಿ’ ಎನ್ನುವರು. ಬೆಟ್ಟದ ನೆತ್ತಿಯ ಮೇಲಣ ತುಪ್ಪದ ಕೊಳದ ಬತೇರಿಯನ್ನು ಕಾಣದೆ ದುರ್ಗದಿಂದ ಹಿಂದಿರುಗುವ ಯಾತ್ರಿಕರು ಕಡಮೆ. ಮಂಗಳೂರಿನ ಬೋಳೂರಿನಲ್ಲಿ, ಗುರುಪುರದ ಹೊಳೆಯೊಳಕ್ಕೆ ಯುದ್ಧದ ಹಡಗುಗಳು ನುಗ್ಗದಂತೆ ೧೭೮೪ರಲ್ಲಿ ಕಪ್ಪುಕಲ್ಲಿನಿಂದ ಕಟ್ಟಿದ ಕಾವಲಿಗೆ ‘ಸುಲ್ತಾನ್‌ ಬತ್ತೇರಿ’ ಎಂದೇ ಹೆಸರು. ತೋಪುಗಳ ಸಾಲಿಗೆ ಪರಂಗಿಯವರು ಹೇಳುತ್ತಿದ್ದ ಮಾತು ಇಲ್ಲಿ ತೋಪು ನಿಂತ ಕಟ್ಟಡದ ಹೆಸರಾಯಿತು.

ಇವುಗಳಲ್ಲಿ ಯಾವುದನ್ನು ಇಟ್ಟುಕೊಂಡು ಯಾವುದನ್ನು ತಳ್ಳಬೇಕು ಎಂಬ ಜಗಳಕ್ಕೆ ನಾವು ಸಿದ್ಧರಿಲ್ಲ. ಒಂದೊಂದರ ಹಿಂದೆಯೂ ಒಂದೊಂದು ಕಾಲವಿದೆ. ಅರಬ್ಬಿಯಿಂದ ಬಂದುದೆಂದು ಬುರುಜನ್ನು ಹೊರಗೆ ಹಾಕುವವರು ಕಂದಕವನ್ನೂ ಹಾಕಬೇಕಾದೀತು. ಅದೂ ಅದೇ ಹಾದಿಯಿಂದ ಬಂದುದೇ, ಅದರ ಅಚ್ಚಗನ್ನಡ ಹೆಸರು ‘ಅಗಳು’. ಎಲ್ಲವೂ ಇರಲಿ. ಆದರೆ ಅವುಗಳ ಛಾಯೆಗಳನ್ನು ಅರಿತು ಬಳಸಬೇಕೆಂಬುದು ನಮ್ಮ ಅಭಿಪ್ರಾಯ. ಗೋಡೆಗೆ ಸೇರಿ ಚಾಚಿದ್ದರೆ ಕೊತ್ತಲ. ಬುರುಜು ಗೋಡೆಗೆ ಸೇರಿಯೂ ಇರಬಹುದು, ಒಂಟಿಯಾಗಿಯೂ ನಿಲ್ಲಬಹುದು. ೧೫೮೪ರಲ್ಲಿ ಹೈದರ್‌ ಖಾನನು ಕಟ್ಟಿಸಿದ, ಸುಮಾರು ೮೦ ಅಡಿ ಎತ್ತರದ ವಿಜಯಪುರದ ಉಪ್ಲಿ ಬುರುಜು ಕೋಟೆಗೋಡೆಯನ್ನು ಬಿಟ್ಟು ಊರೊಳಗೆ ನಿಂತಿದೆ. ಅದನ್ನು ಬುರುಜೆನ್ನಬಹುದು, ಕೊತ್ತಲವೆನ್ನಲಾಗದು. ಹುಡೆಯಲ್ಲಿ ಕಾವಲು ಮುಖ್ಯ. ಬತೇರಿಯಲ್ಲಿ ತೋಪು ಮುಖ್ಯ. ನಾಲ್ಕು ಮಾತುಗಳು ನಾಲ್ಕು ಅರ್ಥಗಳನ್ನು ಹೊತ್ತಿರುವಾಗ, ನಾಲ್ಕನ್ನೂ ಮರೆತು ಎಲ್ಲಕ್ಕೂ ‘ವಾಚ್‌ ಟವರ್‌’ ಎಂಬ ಒಂದೇ ಹಲಗೆಯನ್ನು ನೆಡುವವರಿಗೆ ಏನು ಹೇಳೋಣ?

ಕೊತ್ತಲವು ಹಳೆಯ ಮೈಸೂರಿನವರ ಮಾತು ಮಾತ್ರವೆಂದು ಭಾವಿಸುವವರು ಕಲಬುರಗಿಯ ಕಡೆಯ ಸೇಡಮ್ಮಿಗೆ ಹೋಗಿಬರಲಿ. ಅಲ್ಲಿಯ ಪ್ರಸಿದ್ಧ ದೇವರ ಹೆಸರು ಕೊತ್ತಲ ಬಸವೇಶ್ವರ. ಬುರುಜಿನ ಸೀಮೆಯ ನಡುವೆ ಕೊತ್ತಲವು ದೇವರ ಹೆಸರನ್ನು ಸೇರಿ ಬದುಕಿದೆ. ೧೯೫೬ರ ನವೆಂಬರ್‌ ೧ರ ವರೆಗೆ ನಮ್ಮ ನಾಡು ಹಲವು ಸರಕಾರಗಳ ಕೆಳಗೆ ಹರಿದುಹಂಚಿಹೋಗಿತ್ತು. ಹೈದರಾಬಾದಿನ ಕಚೇರಿಯ ಭಾಷೆ ಉರ್ದು, ಮುಂಬಯಿ ಪ್ರಾಂತದ ಕಚೇರಿಗಳಲ್ಲಿ ಇಂಗ್ಲಿಷೂ ಮರಾಠಿಯೂ ಮುಂದು. ಒಂದೇ ಕಲ್ಲುಕಟ್ಟಡವು ಕಾಗದದ ಮೇಲೆ ಬೇರೆ ಬೇರೆ ಹೆಸರುಗಳಿಂದ ಏರಿತು. ಕಾಗದಗಳು ಒಂದಾಗಿ ಏಳು ದಶಕಗಳಾಗುತ್ತ ಬಂದರೂ, ಆ ಹೆಸರುಗಳನ್ನೆಲ್ಲ ಒಂದೆಡೆ ಕೂಡಿಸಿ ಇದು ಅದರ ಅಣ್ಣ, ಅದು ಇದರ ತಮ್ಮ ಎಂದು ಸಾಮಾನ್ಯ ಓದುಗನಿಗೆ ತಿಳಿಸುವ ಕೆಲಸವನ್ನು ನಾವು ಪೂರೈಸಿಲ್ಲ.

ನೆರೆಯವರನ್ನು ನೋಡಿ. ಪ್ರತಿ ವರ್ಷವೂ ಆಗಸ್ಟ್‌ ೧೫ರಂದು ಚೆನ್ನೈಯ ಸೇಂಟ್‌ ಜಾರ್ಜ್‌ ಕೋಟೆಯ ಮೇಲೆ ತಮಿಳುನಾಡಿನ ಮುಖ್ಯಮಂತ್ರಿಗಳು ಧ್ವಜವನ್ನೇರಿಸುವರು. ೧೯೭೪ರಿಂದ ಈ ಪದ್ಧತಿಯಿದೆ. ಮರುದಿನದ ತಮಿಳು ಪತ್ರಿಕೆಗಳಲ್ಲಿ ಕೋಟೆಯ ‘ಕೊತ್ತಳ’ದ ಮೇಲೆ ಧ್ವಜವೇರಿತೆಂದು ಬರೆಯುವರು. ಅರ್ಥವು ಅಲ್ಲಿಯೂ ಸ್ವಲ್ಪ ಸಡಿಲವಾಗಿ ಕೋಟೆಯ ಮೇಲ್ಭಾಗವೆಂಬಂತೆ ಆಗಿದೆಯೆಂಬುದು ನಿಜ. ಆದರೂ ಮಾತು ಬದುಕಿದೆ, ವರ್ಷಕ್ಕೊಮ್ಮೆಯಾದರೂ ಮಕ್ಕಳ ಕಿವಿಗೆ ಬೀಳುತ್ತಿದೆ. ನಮ್ಮಲ್ಲಿ ಚುನಾವಣೆ ಬಂದಾಗ ಇಂಗ್ಲಿಷ್‌ ಪತ್ರಿಕೆಯವರು ಒಂದು ಪಕ್ಷದ ಕೊತ್ತಲವೆಂದು ಬರೆದುದನ್ನು ನಮ್ಮವರು ‘ಭದ್ರಕೋಟೆ’ ಎಂದು ಅನುವಾದಿಸುವರು. ಮಾತು ಚೆನ್ನಾಗಿಯೇ ಇದೆ. ಆದರೆ ಕೋಟೆಯ ಒಂದು ಅಂಗಕ್ಕೆ ಇಡೀ ಕೋಟೆಯ ಹೆಸರನ್ನಿಟ್ಟಂತಾಯಿತು.

“ಕೋಟೆಗಳ ಯುದ್ಧವು ಮುಗಿದುಹೋದ ಕಾಲದಲ್ಲಿ ಈ ಚರ್ಚೆಯಿಂದ ಏನು ಫಲ?” ಎಂದು ಕೇಳುವವರಿಗೆ ನಮ್ಮ ಉತ್ತರವು ಇಷ್ಟೇ: ಹೆಸರಿಲ್ಲದ ವಸ್ತುವಿಗೆ ಒಡೆಯನಿಲ್ಲ. ಕೊತ್ತಲವೆಂದು ಕರೆಯುವಷ್ಟು ಕಾಲ ಅದು ಕೊತ್ತಲ. ಹೆಸರು ಮರೆತ ಮೇಲೆ ಅದು ‘ದಿಬ್ಬ’. ದಿಬ್ಬವಾದ ಮೇಲೆ ಕಲ್ಲು ಬೇಕಾದವನು ಕಲ್ಲನ್ನೂ, ಮಣ್ಣು ಬೇಕಾದವನು ಮಣ್ಣನ್ನೂ ಹೇರಿಕೊಂಡು ಹೋಗುವನು. ಬೆಂಗಳೂರಿನ ಕೋಟೆಯಲ್ಲಿ ಇಂದು ದೆಹಲಿ ಬಾಗಿಲೂ ಅದರ ಸುತ್ತಣ ತುಂಡೂ ಅಲ್ಲದೆ ಬಹುಪಾಲು ಉಳಿದಿಲ್ಲ. ಕಾನೂನು ಇಲ್ಲವೆಂದಲ್ಲ. ೧೯೫೮ರ ಕೇಂದ್ರದ ಶಾಸನವಿದೆ, ೧೯೬೧ರ ನಮ್ಮ ರಾಜ್ಯದ ಶಾಸನವಿದೆ. ಆದರೆ ಅವು ಕಾಯುವುದು, ರಕ್ಷಿತವೆಂದು ಸರಕಾರವು ಹೆಸರಿಸಿ ಸಾರಿದ ಸ್ಮಾರಕಗಳನ್ನು. ಬೀದರದ ಮೂರು ಸಾಲಿನ ಕಲ್ಲಗಳಿಗೆ ದೊರೆತ ರಕ್ಷಣೆಯು ಹಳ್ಳಿಯ ಹುಡೆಗೆ ತಾನಾಗಿ ದೊರೆಯುವುದಿಲ್ಲ. ಪಟ್ಟಿಯಲ್ಲಿ ಸೇರಬೇಕಾದರೆ ಯಾರಾದರೂ ಅದನ್ನು ಗುರುತಿಸಬೇಕು. ಗುರುತಿಸಬೇಕಾದರೆ ಅದು ಏನೆಂದು ಹೇಳಲು ಮಾತು ಬೇಕು.

ಆದಕಾರಣ ನಮ್ಮ ಉಪಾಧ್ಯಾಯ ಮಿತ್ರರಲ್ಲಿ ಒಂದು ವಿಜ್ಞಾಪನೆ. ನಿಮ್ಮ ಶಾಲೆಗೆ ನಾಲ್ಕಾರು ಮೈಲಿಗಳೊಳಗೆ ಒಂದು ಹಾಳುಗೋಡೆಯೋ ಹುಡೆಯೋ ಇಲ್ಲದ ಸ್ಥಳವು ನಮ್ಮ ನಾಡಿನಲ್ಲಿ ವಿರಳ. ಒಂದು ಬಿಡುವಿನ ದಿನ ಹುಡುಗರನ್ನು ಅಲ್ಲಿಗೆ ಕರೆದೊಯ್ಯಿರಿ. ಒಬ್ಬನನ್ನು ಗೋಡೆಯ ಮೇಲೂ ಒಬ್ಬನನ್ನು ಬುಡದಲ್ಲಿಯೂ ನಿಲ್ಲಿಸಿ, ಮೇಲಿನವನಿಗೆ ಕೆಳಗಿನವನು ಕಾಣುವನೇ ಎಂದು ಕೇಳಿರಿ. ಆಮೇಲೆ ಮೇಲಿನವನನ್ನು ಪಕ್ಕದ ಕೊತ್ತಲಕ್ಕೆ ಕಳುಹಿಸಿ ಮತ್ತೆ ಕೇಳಿರಿ. ಗೋಡೆ ಶಿಥಿಲವಾಗಿದ್ದರೆ ಹುಡುಗರನ್ನು ಹತ್ತಿಸದೆ ನೆಲದ ಮೇಲೆ ಸುಣ್ಣದ ಗೆರೆಯೆಳೆದು ತೋರಿಸಿದರೂ ಸಾಕು. ಅರ್ಧ ಗಂಟೆಯಲ್ಲಿ ಅವರು ಕಲಿಯುವುದನ್ನು ಹತ್ತು ಪುಟಗಳ ಟಿಪ್ಪಣಿಯು ಕಲಿಸಲಾರದು. ಬಳಿಕ ಊರಿನ ಮುದುಕರನ್ನು, ಅದರಲ್ಲೂ ಕಲ್ಲುಮಣ್ಣಿನ ಕೆಲಸ ಮಾಡಿದವರನ್ನು ಕಂಡು, ಒಂದೊಂದು ಭಾಗಕ್ಕೆ ಅವರು ಏನೆನ್ನುವರೆಂಬುದನ್ನು ಅವರ ಬಾಯಿಂದ ಬಂದಂತೆಯೇ ಬರೆದುಕೊಳ್ಳಿರಿ, ತಿದ್ದಬೇಡಿರಿ. ಅಂಥ ಪಟ್ಟಿಗಳನ್ನು ಊರಿನ ಹೆಸರಿನೊಡನೆ ನಮಗೆ ಕಳುಹಿಸಿದರೆ ಈ ಪತ್ರಿಕೆಯಲ್ಲಿ ಸಂತೋಷದಿಂದ ಅಚ್ಚು ಮಾಡುವೆವು.

ಸ್ಮಾರಕಗಳ ಬಳಿ ಹಲಗೆ ನೆಡುವ ಅಧಿಕಾರಿಗಳಲ್ಲಿಯೂ ನಮ್ಮದೊಂದು ಮಾತು. ಇಂಗ್ಲಿಷ್‌ ಹೆಸರನ್ನು ಬರೆಯಬೇಡಿರೆಂದು ನಾವು ಹೇಳುವುದಿಲ್ಲ. ಅದು ಪರಸ್ಥಳದ ಯಾತ್ರಿಕರಿಗೆ ಬೇಕು. ಆದರೆ ಕನ್ನಡದ ಸಾಲಿನಲ್ಲಿ ಅದೇ ಇಂಗ್ಲಿಷನ್ನು ಕನ್ನಡ ಅಕ್ಷರಗಳಲ್ಲಿ ಇಳಿಸಿ ಕೈತೊಳೆದುಕೊಳ್ಳಬೇಡಿರಿ. ಆ ಊರವರು ಬುರುಜೆಂದರೆ ಬುರುಜೆಂದೂ, ಬತೇರಿಯೆಂದರೆ ಬತೇರಿಯೆಂದೂ ಬರೆದು, ಅದರ ಕೆಳಗೆ ಕೊತ್ತಲವೆಂದು ಬರೆಯಿರಿ. ದುರ್ಗದ ಹುಡುಗನು ವಿಜಯಪುರಕ್ಕೆ ಹೋದಾಗ ತನ್ನೂರಿನ ಬತೇರಿಯೇ ಇಲ್ಲಿ ಬುರುಜಾಗಿದೆಯೆಂದು ಅವನಿಗೆ ತಿಳಿಯಲಿ.

ನಮ್ಮ ಮೊಕದ್ದಮೆಯ ಮುದುಕನು ಈಗಿಲ್ಲ. ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಅಕ್ಷರ ಬಲ್ಲ ನಾವೆಲ್ಲರೂ ಸೇರಿ ಮರೆತಿದ್ದುದನ್ನು ಅವನೊಬ್ಬನು ನೆನಪಿಟ್ಟುಕೊಂಡಿದ್ದನು. ಅಂದು ನಮ್ಮ ಕಾಲಬುಡವು ನಮಗೆ ಕಂಡಿರಲಿಲ್ಲ; ಪಕ್ಕದಲ್ಲಿ ನಿಂತಿದ್ದ ಅವನಿಗೆ ಕಂಡಿತು. ಅಂಥವರು ಇನ್ನೂ ಕೆಲವರು ಉಳಿದಿರುವಾಗಲೇ ಹೋಗಿ ಕೇಳಿಕೊಂಡು ಬರುವುದು ಓದುಬರಹ ಬಲ್ಲವರ ಕರ್ತವ್ಯ.